ನೆಲವನ್ನು ಓದುತ್ತಿದ್ದ ಸಿಪಾಯಿ

1799ರ ಏಪ್ರಿಲ್. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಲು ಬಂದಿದ್ದ ಬ್ರಿಟಿಷ್ ಸೈನ್ಯದ ಒಂದು ಪಡೆ ಜನರಲ್ ಬೇರ್ಡ್‌ನ ಮುಂದಾಳ್ತನದಲ್ಲಿ ರಾತ್ರಿ ಸುಲ್ತಾನ್‌ಪೇಟೆಯ ತೋಪನ್ನು ಜಾಲಾಡಿ ಮರಳುತ್ತಿತ್ತು. ದಕ್ಷಿಣಕ್ಕೆ ಹೋಗಬೇಕಾದವರು ಉತ್ತರಕ್ಕೆ, ಟಿಪ್ಪುವಿನ ಪಾಳೆಯದ ಕಡೆಗೇ ನಡೆಯುತ್ತಿದ್ದೇವೆ ಎಂದು ಪಡೆಯ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ನಕ್ಷತ್ರ ನೋಡಿ ಎಚ್ಚರಿಸಿದ. ಜನರಲ್ ಒಪ್ಪಲಿಲ್ಲ. ಕಡೆಗೆ ಬೆಳಕು ಹೊತ್ತಿಸಿ ದಿಕ್ಸೂಚಿ ನೋಡಿದರೆ ಲ್ಯಾಂಬ್ಟನ್ ಹೇಳಿದ್ದೇ ಸರಿ. ಮರುವರ್ಷ ಬೆಂಗಳೂರಿನ ಬಳಿ ಅಳತೆಯ ಆಧಾರರೇಖೆ ಹಾಕಿದವನೂ, 1802ರಲ್ಲಿ ಮದ್ರಾಸಿನಿಂದ ಭಾರತದ ನೆಲ ಅಳೆಯುವ ಮಹಾ ತ್ರಿಕೋನಮಿತಿ ಸರ್ವೆ ಆರಂಭಿಸಿದವನೂ ಅವನೇ.

ಆ ಸರ್ವೆಯ ಪರಂಪರೆಯಲ್ಲಿ ಬಂದ ನಕ್ಷೆಗಳನ್ನು ನಮ್ಮ ತಲೆಮಾರಿನ ಎನ್‌ಸಿಸಿ ಹುಡುಗರು ಮಣ್ಣಿನ ಮೇಲೆ ಹಾಸಿಕೊಂಡು ಕಲಿತೆವು. ಉಸ್ತಾದರು ಮೊದಲು ಮ್ಯಾಪ್ ಸೆಟ್ ಮಾಡಿಸುತ್ತಿದ್ದರು. ಕಾಗದದ ಉತ್ತರ ನೆಲದ ಉತ್ತರಕ್ಕೆ ಹೊಂದಬೇಕು. ಆಮೇಲೆ ದೂರದ ಒಂದು ಬೆಟ್ಟದ ತುದಿ, ಒಂದು ಗುಡಿಯ ಗೋಪುರ ಗುರುತಿಸಿ, ಕಂಪಾಸ್ ಕಣ್ಣಿಗೆ ಹಿಡಿದು ಬೇರಿಂಗ್ ತೆಗೆದು, ನಕ್ಷೆಯ ಮೇಲೆ ಅವುಗಳಿಂದ ಹಿಂದಕ್ಕೆ ಗೆರೆ ಎಳೆಯಬೇಕು. ಗೆರೆಗಳು ಕೂಡಿದ ಜಾಗದಲ್ಲಿ ನಾವು. ಕಂದು ಬಣ್ಣದ ಕಾಂಟೂರ್ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ವಿರಳವಾಗಿದ್ದರೆ ಸಲೀಸು ಇಳಿಜಾರು. ನೋಡನೋಡುತ್ತ ಕಾಗದದಿಂದ ಗುಡ್ಡ ಎದ್ದು ಮನಸ್ಸಿನಲ್ಲಿ ನಿಲ್ಲುತ್ತಿತ್ತು. ರಾತ್ರಿ ನಡಿಗೆಯಲ್ಲಿ ಒಬ್ಬ ದಿಕ್ಕು ಹಿಡಿದರೆ ಇನ್ನೊಬ್ಬ ಹೆಜ್ಜೆ ಎಣಿಸುತ್ತಿದ್ದ. ಇಬ್ಬರ ಲೆಕ್ಕವೂ ತಾಳೆಯಾಗದೆ ಮುಂದಕ್ಕೆ ಹೋಗುವಂತಿರಲಿಲ್ಲ.

1991ರ ಕೊಲ್ಲಿ ಯುದ್ಧದಲ್ಲಿ ಗುರುತೇ ಇಲ್ಲದ ಮರುಭೂಮಿಯನ್ನು ಅಮೆರಿಕದ ಪಡೆಗಳು ಜಿಪಿಎಸ್ ನಂಬಿ ದಾಟಿದವು. ಅಲ್ಲಿಂದ ಸೇನೆಗಳು ಯೋಚಿಸುವ ಕ್ರಮವೇ ಬದಲಾಯಿತು. ತಮ್ಮವರೆಲ್ಲಿ, ಶತ್ರುವೆಲ್ಲಿ ಎಂಬುದೆಲ್ಲ ಪರದೆಯ ಮೇಲಿನ ಚುಕ್ಕೆಯಾಯಿತು. 2013ರಿಂದ ಇಸ್ರೊ ನಾವಿಕ್ ಉಪಗ್ರಹಗಳನ್ನು ಹಾರಿಸಿ ಭಾರತಕ್ಕೆ ಜಿಪಿಎಸ್‌ನಂಥ ಸ್ವಂತ ವ್ಯವಸ್ಥೆ ಕಟ್ಟಿಕೊಟ್ಟಿತು. ಇದು ಜೀವ ಉಳಿಸುವ ವಿದ್ಯೆ. ತಮ್ಮದೇ ಫಿರಂಗಿಗೆ ತಮ್ಮವರೇ ಬಲಿಯಾಗುವುದನ್ನು ತಡೆಯಬಲ್ಲ ವಿದ್ಯೆಯನ್ನು ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೂ ಸಂಕಟವಾಗುತ್ತದೆ. ಸೇನೆಗಳ ಪಠ್ಯದಲ್ಲಿ ನಕ್ಷೆ ಇನ್ನೂ ಇದೆ, ಸವೆಯುತ್ತಿರುವುದು ಅದರ ಹಿಂದಿದ್ದ ಅಭ್ಯಾಸ. ನಾನೆಲ್ಲಿದ್ದೇನೆ ಎಂದು ತಾನೇ ಕೇಳಿಕೊಂಡು, ತಾನೇ ಅಳೆದು, ತನ್ನ ಉತ್ತರವನ್ನೇ ಅನುಮಾನಿಸುವ ಅಭ್ಯಾಸ ಅದು. ಕೆಳಗಿನ ಅಧಿಕಾರಿಯೊಬ್ಬ ಜನರಲ್‌ಗೆ ಎದುರಾಡಲು ಬೇಕಾದ ಧೈರ್ಯ ಹುಟ್ಟುತ್ತಿದ್ದದ್ದು ಅದರಿಂದ. ಪರದೆ ಎಲ್ಲರಿಗೂ ಒಂದೇ ಉತ್ತರ ಕೊಡುತ್ತದೆ. ಅದು ತಪ್ಪಿದರೆ ಎಲ್ಲರೂ ಒಟ್ಟಿಗೆ ತಪ್ಪುತ್ತಾರೆ. ಉಕ್ರೇನ್ ಯುದ್ಧದಲ್ಲಿ ಜಿಪಿಎಸ್ ಸಂಕೇತವನ್ನು ಜಾಮ್ ಮಾಡಿ ಡ್ರೋನುಗಳನ್ನೂ ಜಿಪಿಎಸ್‌ನಿಂದ ಗುರಿ ಹಿಡಿಯುವ ಶೆಲ್‌ಗಳನ್ನೂ ದಾರಿಗೆಡಿಸುವುದು ದಿನನಿತ್ಯದ ಕೆಲಸವಾಗಿದೆ.

ಅಮೆರಿಕದ ನೌಕಾ ಅಕಾಡೆಮಿ ಒಮ್ಮೆ ಕೈಬಿಟ್ಟಿದ್ದ ನಕ್ಷತ್ರ ನೋಡಿ ದಾರಿ ಹಿಡಿಯುವ ಪಾಠವನ್ನು 2015ರಲ್ಲಿ ಮತ್ತೆ ಕಲಿಸತೊಡಗಿತು. ನಮ್ಮಲ್ಲೂ ನಕ್ಷೆ ಓದುವ ವಿದ್ಯೆ ಪರೀಕ್ಷೆಯ ಅಂಕಕ್ಕಷ್ಟೇ ಉಳಿಯಬಾರದು. ಯಂತ್ರ ಕೆಟ್ಟಾಗಿನ ಆಪದ್ಧನವೆಂದು ಕಲಿತರೂ ಸಾಲದು. ಸರಿಯಾಗಿ ನಡೆಯುತ್ತಿರುವ ಯಂತ್ರವನ್ನೂ ಪ್ರಶ್ನಿಸಬಲ್ಲ ಮನಸ್ಸು ಸಿಪಾಯಿಗೆ ಬೇಕು, ಏಕೆಂದರೆ ಆ ಚುಕ್ಕೆ ತೋರಿಸಿದ ಕಡೆ ಗುಂಡು ಹಾರಿಸುವವನು ಅವನೇ.