ಹಣ ಕೊಟ್ಟು ಕೊಂಡ ಅಂಜಿಕೆ

ಧುಪದಾಳದಲ್ಲಿ ರಾತ್ರಿಯು ಎಂದೂ ನಿಶ್ಶಬ್ದವಾಗಿರುವದಿಲ್ಲ. 1897ರಲ್ಲಿ ಘಟಪ್ರಭೆಗೆ ಕಟ್ಟಿದ ಒಡ್ಡಿನ ಮೇಲಿಂದ ನೀರು ಹೊರಳಿ ಬೀಳುವ ಸಪ್ಪಳವು ಮಳೆಗಾಲದಲ್ಲಿ ಊರನ್ನೆಲ್ಲ ತುಂಬಿಕೊಂಡಿರುತ್ತದೆ; ಮಳೆ ಹಿಂದಾದ ಮೇಲೆ ಅದು ಸಣ್ಣದಾಗಿ, ಗೋಡೆಯಾಚೆ ಯಾರೋ ಉಸಿರಾಡಿದಂತೆ ಕೇಳುತ್ತದೆ. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಆ ಸಪ್ಪಳದ ಪರಿವೆಯೇ ಇರುವದಿಲ್ಲ. ಆದರೆ ಒಂದು ಮನೆಯ ಹನ್ನೊಂದು ವರುಷದ ಹುಡುಗನಿಗೆ ಒಮ್ಮಿಂದೊಮ್ಮೆ ಅದು ಕೇಳಿಸತೊಡಗಿತು. ಅವನ ಆಯಿ ತೀರಿಕೊಂಡ ಮೇಲಿನ ಮಾತು ಇದು. ಚಿಕ್ಕಂದಿನಿಂದ ಅವನು ಒಳಕೋಣೆಯಲ್ಲಿ ಅವಳ ಮಗ್ಗುಲಲ್ಲಿಯೇ ಮಲಗುತ್ತಿದ್ದನು. ಅವಳು ಪ್ರಾಣ ಬಿಟ್ಟ ರಾತ್ರಿಯೂ ಅಲ್ಲಿಯೇ ಮಲಗಿದ್ದನು. ಅಂದಿನಿಂದ ಅವನು ಆ ಕೋಣೆಯ ಹೊಸ್ತಿಲನ್ನು ದಾಟಲಿಲ್ಲ. ಹಗಲು ಹೊತ್ತಿನಲ್ಲಿ ಸಹ ಅದರ ಮುಂದಿನಿಂದ ಹೋಗುವಾಗ ಗೋಡೆಗೆ ಹತ್ತಿ ಓಡುವನು.

ಇಂಥ ಸಂಗತಿಯು ಓಣಿಗೆ ತಿಳಿಯದೆ ಇರುವದೆ? "ಹುಡುಗಗ ಗಾಳಿ ಸೋಕೈತಿ, ಯಾರಿಗರೆ ತೋರಸ್ರಿ" ಎಂದು ನೆರೆಯವರು ಕಳವಳದಿಂದಲೇ ಹೇಳಿದರು. ದೆವ್ವ ಬಿಡಿಸುವೆನೆಂದು ಹೊಡೆಯುವದು, ಬಡಿಯುವದು ಈಗ ಅಪರಾಧವಾಗಿದೆ; 2017ರಲ್ಲಿ ಆದ ರಾಜ್ಯದ ಕಾಯದೆಯು 2020ರ ಜನೇವರಿಯಿಂದ ಜಾರಿಯಲ್ಲಿದೆ. ಆದರೆ ಹುಡುಗನ ಅಜ್ಜನು ಕಾಯದೆಗಾಗಿ ಕಾಯ್ದವನಲ್ಲ. ಕನ್ನಡ ಶಾಲೆಯಲ್ಲಿ ಬಹಳ ವರುಷ ಮಾಸ್ತರಿಕೆ ಮಾಡಿ ನಿವೃತ್ತನಾದ ಅವನು ದೆವ್ವಗಳನ್ನು ಎಂದೋ ಲೆಕ್ಕದಿಂದ ತೆಗೆದುಹಾಕಿದ್ದನು. ಗೋಕಾಕದ ಸತೀಶ ಜಾರಕಿಹೊಳಿಯವರು ಮಂತ್ರಿಗಳಾಗಿದ್ದಾಗ, 2014ರ ಡಿಸೆಂಬರ 6ರಂದು, ಅಂದರೆ ಅಂಬೇಡಕರರ ಪುಣ್ಯತಿಥಿಯ ದಿನ, ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಇಡಿ ರಾತ್ರಿ ಕಳೆದದ್ದು ವಾಚಕರಿಗೆ ನೆನಪಿರಬಹುದು. ಮುಂದೆಯೂ ಆ ದಿನ ಅಲ್ಲಿ ಭಾಷಣ, ಹಾಡು, ಊಟಗಳು ನಡೆಯುತ್ತ ಬಂದವು. ಒಂದು ವರುಷ ಈ ಅಜ್ಜನೂ ಅಲ್ಲಿಗೆ ಹೋಗಿ, ಪಂಕ್ತಿಯಲ್ಲಿ ಕುಳಿತು ಉಂಡು, ಚಳಿಗೆ ಕಂಬಳಿ ಹೊದ್ದು ಕುಳಿತು ಬೆಳಗು ಮಾಡಿಕೊಂಡು ಬಂದಿದ್ದನು. ಕಣ್ಣಿಂದ ಕಂಡರೆ ಅಂಜಿಕೆ ಹೋಗುತ್ತದೆಂಬುದು ಅವನ ಸಿದ್ಧಾಂತವಾಗಿತ್ತು. ಮಾಸ್ತರರ ಸಿದ್ಧಾಂತಗಳು ಬಹುಶಃ ಹೀಗೆಯೇ ಇರುತ್ತವೆ: ಹಲಗೆಯ ಮೇಲೆ ಬರೆದು ತೋರಿಸಿದರೆ ತಿಳಿಯಲೇಬೇಕು!

ಅದಕ್ಕೆ ಸರಿಯಾಗಿ ಗೋಕಾಕದ ಲಕ್ಷ್ಮೀದೇವಿಯ ಜಾತ್ರೆಯು ಬಂದಿತು. ಎತ್ತರದ ತೊಟ್ಟಿಲು, ಮೋಟಾರು ಸೈಕಲ್ಲು ಗೋಡೆ ಹತ್ತುವ ಸಾವಿನ ಬಾವಿ, ಬೆಂಡು ಬತ್ತಾಸಿನ ಸಾಲು, ಇವುಗಳ ನಡುವೆ ಒಂದು ಭೂತಬಂಗಲೆಯೂ ಎದ್ದಿತ್ತು. ತಗಡಿನ ಗೋಡೆ, ಅದರ ಮೇಲೆ ಕೆಂಪು ನಾಲಗೆ ಚಾಚಿದ ರಾಕ್ಷಸನ ಚಿತ್ರ, ಆ ರಾಕ್ಷಸನ ಬಾಯಿಯೇ ಬಾಗಿಲು. ಮೇಲೆ ಕಟ್ಟಿದ ಧ್ವನಿವರ್ಧಕದೊಳಗಿಂದ ಒಬ್ಬ ಹೆಂಗಸು ಅಳುವಳು, ನಗುವಳು, ಮತ್ತೆ ಅಳುವಳು. ಶಾಲೆಯ ಹುಡುಗರೆಲ್ಲ ಒಳಗೆ ಹೋಗಿ ಬಂದು ಇವನನ್ನು ಅಂಜುಬುರುಕನೆಂದು ಕಾಡಿದ್ದರು. ಆದುದರಿಂದ ಹುಡುಗನು ತಾನಾಗಿಯೇ ಅಜ್ಜನ ಧೋತರದ ಚುಂಗು ಹಿಡಿದು, "ಹೋಗೂಣು ನಡಿ" ಎಂದನು. ಅವನ ಕೈ ಮಾತ್ರ ತಣ್ಣಗಾಗಿತ್ತು.

ಒಳಗೆ ಕಗ್ಗತ್ತಲೆ. ಕಾಲ ಕೆಳಗಿನ ಹಲಗೆಯು ತಟ್ಟನೆ ಕುಸಿಯಿತು. ಮುಖಕ್ಕೆ ಹಸಿ ಹುರಿಗಳು ತಗಲಿದವು. ತಿರುವಿನಲ್ಲಿ ಒಂದು ಎಲುಬಿನ ಹಂದರವು ಮೇಲಿಂದ ಧೊಪ್ಪನೆ ಇಳಿದು ಮೂಗಿನ ಮುಂದೆ ಕುಣಿಯಿತು. ಆಗ ಆದ ಚಮತ್ಕಾರವನ್ನು ಏನು ಹೇಳುವದು! ಸ್ಮಶಾನದಲ್ಲಿ ಉಂಡು ಬಂದ ಅಜ್ಜನು ಕೂಗಿಕೊಂಡು ಹಿಂದೆ ಸರಿದು, ಚಾಳೀಸು ಬೀಳಿಸಿಕೊಂಡು, ಅಲ್ಲಿಯೇ ಕುಳಿತುಬಿಟ್ಟನು. ಬುದ್ಧಿಯು ಒಪ್ಪದ್ದನ್ನು ಮೈಯು ಒಪ್ಪುವದುಂಟು. ಸದ್ದು, ಕತ್ತಲೆ, ಹಠಾತ್ತನೆ ಬೀಳುವ ವಸ್ತು ಇವುಗಳಿಗೆ ಎದೆಯು ಯೋಚನೆಯ ಅಪ್ಪಣೆ ಕೇಳದೆ ಜಿಗಿಯುತ್ತದೆ. ಹುಡುಗನೇ ಕೈಯಾಡಿಸಿ ಚಾಳೀಸು ಹುಡುಕಿ ಕೊಟ್ಟು, "ಅಜ್ಜಾ, ಏಳು. ಅದಕ್ಕ ಹಗ್ಗ ಕಟ್ಟ್ಯಾರ ನೋಡು, ಮ್ಯಾಲಿಂದ ಜಗ್ಗತಾರ" ಎಂದು ಹೇಳಿ ಕೈ ಹಿಡಿದು ನಡೆಸಿಕೊಂಡು ಹೊರಗೆ ತಂದನು.

ಹಿಂಬಾಗಿಲಲ್ಲಿ ಒಬ್ಬ ತರುಣನು ದೆವ್ವದ ಮೊಗವಾಡವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಚಹ ಕುಡಿಯುತ್ತಿದ್ದನು. ಬೆವರಿನಿಂದ ಅವನ ತಲೆಗೂದಲು ಹಣೆಗೆ ಅಂಟಿದ್ದವು. ಹುಡುಗನು ಅವನನ್ನು ಸ್ವಲ್ಪ ಹೊತ್ತು ನೋಡಿ, "ರಾತ್ರಿ ಎಲ್ಲಿ ಮಲಗ್ತೀರಿ?" ಎಂದು ಕೇಳಿದನು. "ಇದರಾಗ ಮಲಗ್ತೇನಿ. ಮತ್ತೆಲ್ಲಿ ಮನಿ ಐತಿ ನಮಗ?" ಎಂದು ಅವನು ನಕ್ಕನು.

ಅಂಜಿಕೆಯನ್ನು ಮಾರಿ ಹೊಟ್ಟೆ ಹೊರೆಯುವ ಈ ಕಸಬು ಇಂದಿನದಲ್ಲ. 1798ರಲ್ಲಿ ಪ್ಯಾರಿಸ್ಸಿನಲ್ಲಿ ರಾಬರ್ಟ್‌ಸನ್ ಎಂಬವನು ಗಾಲಿಯ ಮೇಲಿಟ್ಟ ಮಾಯಾದೀಪದಿಂದ ಪ್ರೇತಗಳ ಚಿತ್ರಗಳನ್ನು ಕತ್ತಲಲ್ಲಿ ಹಿಗ್ಗಿಸಿ ಕುಗ್ಗಿಸಿ ತೋರಿಸುತ್ತಿದ್ದನು. ಕ್ರಾಂತಿಯಲ್ಲಿ ಸಾವಿರಾರು ತಲೆಗಳುರುಳಿದ ಆ ಪಟ್ಟಣದ ಜನರು ಹಣ ಕೊಟ್ಟು ಮತ್ತೆ ಸತ್ತವರನ್ನು ನೋಡಹೋದರು. 1862ರಲ್ಲಿ ಲಂಡನ್ನಿನ ಪೆಪ್ಪರನೆಂಬ ಪಂಡಿತನು ರಂಗದ ಮೇಲೆ ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸಿ, ಮರೆಯಲ್ಲಿದ್ದ ನಟನ ಮೇಲೆ ಬೆಳಕು ಚೆಲ್ಲಿ, ಅವನ ಪ್ರತಿಬಿಂಬವೇ ಪಿಶಾಚಿಯಾಗಿ ತಿರುಗಾಡುವಂತೆ ಮಾಡಿದನು. 1969ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ತೆರೆದ ದೆವ್ವದ ಮನೆಯಲ್ಲಿ ಕುಣಿಯುವ ಪ್ರೇತಗಳಿಗೂ ಅದೇ ಗಾಜಿನ ಯುಕ್ತಿಯೇ ಆಧಾರ.

ಅಜ್ಜನ ಮಗಳು ಆ ಸೀಮೆಯಲ್ಲಿಯೇ ಇರುವಳು. ಜಾತ್ರೆಯ ಫಜೀತಿಯನ್ನು ಫೋನಿನಲ್ಲಿ ಕೇಳಿ ಅವಳು ಹೊಟ್ಟೆ ಹುಣ್ಣಾಗುವಂತೆ ನಕ್ಕು, ಅಲ್ಲಿಯ ಸುದ್ದಿಯನ್ನು ಹೇಳಿದಳು. ಅಕ್ಟೋಬರ 31ರ ಹ್ಯಾಲೋವೀನ್ ಹಬ್ಬದ ಮುಂದೆ ಅಲ್ಲಿಯ ವಿಹಾರವನಗಳು ಸಂಜೆಯಾಗುತ್ತಲೇ ಸ್ಮಶಾನದ ರೂಪ ತಾಳುವವಂತೆ. ಕ್ಯಾಲಿಫೋರ್ನಿಯಾದ ನಾಟ್ಸ್ ಎಂಬ ವನದಲ್ಲಿ ಇದು 1973ರಲ್ಲಿ ಪ್ರಾರಂಭವಾಯಿತು. ಫ್ಲಾರಿಡಾದ ಯುನಿವರ್ಸಲ್ಲಿನಲ್ಲಿ 1991ರಲ್ಲಿ ಮೂರೇ ರಾತ್ರಿ ನಡೆದದ್ದು ಬೆಳೆದು ಈಗ ವಾರಗಟ್ಟಲೆ ನಡೆಯುತ್ತದೆ. ಜನರು ದೊಡ್ಡ ಬೆಲೆ ತೆತ್ತು, ಸಾಲುಗಟ್ಟಿ ನಿಂತು, ಒಂದು ಮನೆಯಿಂದ ಇನ್ನೊಂದು ಮನೆಗೆ ಕಿರಿಚುತ್ತ ಹೋಗುತ್ತಾರೆ. "ಮೊದಲನೇ ವರುಷ ನಾನೂ ಹೋಗಿದ್ದೆ, ಅಪ್ಪಾ. ಕಿರಿಚಿ ಕಿರಿಚಿ ಗಂಟಲ ಬಿದ್ದು ಹೋತು. ಅವ್ವ ಹೋದ ಮ್ಯಾಲೆ ಹೋಗಬೇಕು ಅನಸಿಲ್ಲ" ಎಂದು ಅವಳು ಮಾತು ನಿಲ್ಲಿಸಿದಳು. ತಾಯಿಯ ಮಣ್ಣಿಗೆ ಅವಳು ಬಂದು ಮುಟ್ಟಿರಲಿಲ್ಲ.

ಆ ಹಬ್ಬವು ಮೂಲದಲ್ಲಿ ಚೇಷ್ಟೆಯ ಹಬ್ಬವಲ್ಲ. ನವೆಂಬರ 1 ಕ್ರೈಸ್ತರಲ್ಲಿ ಸಕಲ ಸಂತರ ದಿನ, 2 ಸಕಲ ಮೃತರ ದಿನ. ಆ ಹೊತ್ತಿಗೆ ಸತ್ತವರು ಮನೆಯ ಕಡೆಗೆ ಬರುವರೆಂಬ ಭಾವನೆಯು ಯುರೋಪದ ಹಳ್ಳಿಗಳಲ್ಲಿ ಬಹುಕಾಲ ಇದ್ದಿತು. ಕನ್ನಡನಾಡಿನಲ್ಲಿ ಅದಕ್ಕೆ ಮಹಾಲಯದ ಅಮಾವಾಸ್ಯೆಯುಂಟು. ಒಂದು ವ್ಯತ್ಯಾಸವನ್ನು ಮಾತ್ರ ಹೇಳಲೇಬೇಕು. ಇಲ್ಲಿ ಸತ್ತವರಿಗೆ ಅಂಜಿ ಮೊಗವಾಡ ಹಾಕಿಕೊಳ್ಳುವದಿಲ್ಲ. ಅವರಿಗೆ ಬೇಕಾದ ಅಡಿಗೆ ಮಾಡಿ ಎಡೆ ಇಡುತ್ತಾರೆ. ದೆವ್ವವೆಂದು ಓಡಿಸುವದೂ ಹಿರಿಯರೆಂದು ಕರೆಯುವದೂ ಒಂದೇ ಮನೆಯಲ್ಲಿ ನಡೆಯುವದಲ್ಲಾ ಎಂದು ಮಾಸ್ತರನು ಹಿಂದೆ ಹಲವು ಸಲ ಹಾಸ್ಯ ಮಾಡಿದ್ದುಂಟು. ಈ ವರುಷ ಅವನು ಹಾಸ್ಯ ಮಾಡಲಿಲ್ಲ.

ಜಾತ್ರೆಯಿಂದ ಬಂದ ರಾತ್ರಿ ಹುಡುಗನು ಎಲ್ಲರೆದುರಿಗೆ ತನ್ನ ಪರಾಕ್ರಮವನ್ನು ವರ್ಣಿಸಿ, ಅಜ್ಜನು ಕೂಗಿಕೊಂಡದ್ದನ್ನು ಎರಡು ಸಲ ನಟಿಸಿ ತೋರಿಸಿದ್ದನು. ಆದರೆ ಹಾಸಿಗೆ ಹಾಸುವ ಹೊತ್ತಿಗೆ ಮತ್ತೆ ಪಡಸಾಲೆಯ ಮೂಲೆಗೇ ಹೋದನು. ಹೀಗೆ ತಗಡಿನ ಮನೆಯನ್ನು ಗೆದ್ದವನಿಗೆ ಮಣ್ಣಿನ ಮನೆಯು ಸೋಲಲಿಲ್ಲ. ಅಜ್ಜನ ಸಿದ್ಧಾಂತವು ಅಲ್ಲಿಗೆ ಮುಗಿಯಿತು.

ಅಮಾವಾಸ್ಯೆಯ ದಿನ ಸೊಸೆಯು ಹೋಳಿಗೆ, ಕಡಬು, ಅತ್ತೆಗೆ ಮೆಚ್ಚಾದ ಬದನೆಕಾಯಿಯ ಎಣ್ಣೆಗಾಯಿ ಮಾಡಿದಳು. ಪ್ರತಿ ವರುಷ ಪಡಸಾಲೆಯಲ್ಲಿ ಇಡುತ್ತಿದ್ದ ಎಡೆಯನ್ನು ಅಜ್ಜನು ಈ ಸಲ ಒಳಕೋಣೆಯಲ್ಲಿ ಇಡಿಸಿ, ದೀಪ ಹಚ್ಚಿ, ಪದ್ಧತಿಯಂತೆ ಬಾಗಿಲು ಮುಂದೆ ಮಾಡಿ ಹೊರಗೆ ಬಂದು ಕುಳಿತನು. ಹಿರಿಯರು ಉಣ್ಣುವ ಹೊತ್ತಿನಲ್ಲಿ ಯಾರೂ ಇಣಿಕಿ ನೋಡಬಾರದು. ಮನೆಯಲ್ಲಿ ಮಾತಿಲ್ಲ. ಒಡ್ಡಿನ ನೀರಿನ ಸಪ್ಪಳ ಮಾತ್ರ.

ಹುಡುಗನು ಅಜ್ಜನ ಹತ್ತಿರ ಸರಿದು ಬಹಳ ಮೆಲ್ಲಗೆ ಹೇಳಿದನು: "ಅಜ್ಜಾ, ಆವತ್ತು ರಾತ್ರಿ ಆಯಿ ನೀರ ಕೇಳಿದ್ಲು. ನನಗ ಕೇಳಿಸ್ತು. ಒಡ್ಡಿನ ಸಪ್ಪಳ ಅಂತ ತಿಳಕೊಂಡು ಮತ್ತ ಮಲಗಿಬಿಟ್ಟೆ."

ಅಜ್ಜನು ಕೂಡಲೆ ಏನೂ ಹೇಳಲಿಲ್ಲ. ಅದು ಕನಸಿರಬಹುದೆಂದು ಹೇಳಬಹುದಾಗಿತ್ತು; ನೀರು ಕೊಟ್ಟಿದ್ದರೂ ಅವಳು ಉಳಿಯುತ್ತಿರಲಿಲ್ಲವೆಂದು ಹೇಳಬಹುದಾಗಿತ್ತು. ಅವನು ಹುಡುಗನ ತಲೆಯ ಮೇಲೆ ಕೈಯಿಟ್ಟು, "ನಾನೂ ಮಲಗಿದ್ನೆಪಾ. ಈ ಪಡಸಾಲ್ಯಾಗ, ಇಲ್ಲೇ" ಎಂದನು.

ಇಬ್ಬರೂ ಬಾಗಿಲನ್ನೇ ನೋಡುತ್ತ ಕುಳಿತರು. ತುಸು ಹೊತ್ತಿನ ಮೇಲೆ ಹುಡುಗನು ತಲೆಯೆತ್ತಿ, "ಎಡಿ ಮುಂದ ನೀರ ಇಟ್ಟೀರೇನು?" ಎಂದು ಕೇಳಿದನು. ಸೊಸೆಯು ನಾಲಗೆ ಕಚ್ಚಿಕೊಂಡಳು, ಗಡಬಡಿಯಲ್ಲಿ ಮರೆತಿದ್ದಳು. ನಡುವೆ ಬಾಗಿಲು ತೆರೆಯುವ ಪದ್ಧತಿಯಿಲ್ಲವೆಂದು ಅವಳು ಅನುಮಾನಿಸುತ್ತಿರಲು, ಅಜ್ಜನು "ಹೋಗಲಿ ಬಿಡು" ಎಂದನು. ಹುಡುಗನು ಆಗಲೇ ಅಡಿಗೆಮನೆಗೆ ಹೋಗಿ ಹಿತ್ತಾಳೆಯ ತಂಬಿಗೆಯನ್ನು ತುಂಬಿಕೊಂಡು ಬಂದಿದ್ದನು. ನೀರು ತುಳುಕದಂತೆ ಎರಡೂ ಕೈಗಳಿಂದ ಅದನ್ನು ಹಿಡಿದು, ಮೊಳಕೈಯಿಂದ ಒಳಕೋಣೆಯ ಬಾಗಿಲನ್ನು ನೂಕಿದನು.