ಅಂಗಳ ಮಗುವಿನ ಅಳತೆಗಿರಲಿ

ಟೆನಿಸ್ ಅಂಗಳದ ಉದ್ದ 23.77 ಮೀಟರ್. ನಡುವಿನ ನೆಟ್ಟಿನ ಎತ್ತರ ಮಧ್ಯಭಾಗದಲ್ಲಿ 91.4 ಸೆಂಟಿಮೀಟರ್. ಇವು ದೊಡ್ಡವರ ಅಳತೆಗಳು. ಏಳು ವರ್ಷದ ಮಗುವನ್ನು ಅಲ್ಲಿ ನಿಲ್ಲಿಸಿ, ದೊಡ್ಡವರ ರಾಕೆಟ್ ಕೊಟ್ಟು 'ಹೊಡಿ' ಎಂದರೆ ಏನಾದೀತು? ಹಳದಿ ಚೆಂಡು ಪುಟಿದು ತಲೆಯ ಮೇಲಿಂದ ಹಾರಿ ಹೋಗುತ್ತದೆ. ಆಡುವುದಕ್ಕಿಂತ ಚೆಂಡು ಹೆಕ್ಕುವುದರಲ್ಲೇ ಮಗುವಿನ ಹೊತ್ತು ಕಳೆಯುತ್ತದೆ. ನಾಲ್ಕನೇ ಭಾನುವಾರದ ಹೊತ್ತಿಗೆ ಹೊಟ್ಟೆನೋವಿನ ನೆಪ ಶುರು. 'ಇವನಿಗೆ ಆಟದಲ್ಲಿ ಆಸಕ್ತಿಯೇ ಇಲ್ಲ' ಎಂದು ಮನೆಯವರು ತೀರ್ಪು ಕೊಟ್ಟುಬಿಡುತ್ತಾರೆ.

ಈ ಸಮಸ್ಯೆಯನ್ನು ಅಂತಾರಾಷ್ಟ್ರೀಯ ಟೆನಿಸ್ ಫೆಡರೇಶನ್ ಕೂಡಾ ಮನಗಂಡಿತು. 2007ರಲ್ಲಿ 'ಪ್ಲೇ ಆಂಡ್ ಸ್ಟೇ' ಅಭಿಯಾನ ಆರಂಭಿಸಿತು. 2012ರಿಂದ ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಸಾಮಾನ್ಯ ಹಳದಿ ಚೆಂಡನ್ನು ಬಳಸಬಾರದೆಂದು ನಿಯಮವನ್ನೇ ಮಾಡಿತು. ಮೊದಲು ನಿಧಾನವಾಗಿ ಚಲಿಸುವ ಕೆಂಪು ಚೆಂಡು, ಸುಮಾರು 11 ಮೀಟರ್ ಉದ್ದದ ಪುಟ್ಟ ಅಂಗಳ. ಆಮೇಲೆ ಕಿತ್ತಳೆ ಚೆಂಡು, 18 ಮೀಟರ್ ಅಂಗಳ. ನಂತರ ಹಸಿರು ಚೆಂಡು, ಪೂರ್ಣ ಅಂಗಳ.

ನಾವು ಕೆಲವು ಗೆಳೆಯರು ಭಾನುವಾರ ಬೆಳಿಗ್ಗೆ ಶಾಲಾ ಮೈದಾನವೊಂದರಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಸುಣ್ಣದ ಗೆರೆ, ಎರಡು ಕುರ್ಚಿಗಳಿಗೆ ಬಿಗಿದ ಹಗ್ಗ, ಇಷ್ಟೇ ನಮ್ಮ ಅಂಗಳ. ಮೊದಲು ರಾಕೆಟ್ ಕೊಡುವುದಿಲ್ಲ. ಚೆಂಡನ್ನು ಕೈಯಿಂದ ಎಸೆದು, ಒಮ್ಮೆ ಪುಟಿದ ಮೇಲೆ ಹಿಡಿಯಬೇಕು. ಆಗ ಕಣ್ಣು, ಕಾಲು ಒಟ್ಟಿಗೆ ಕಲಿಯುತ್ತವೆ. ಬಳಿಕ ರಾಕೆಟ್. ಇಬ್ಬರು ಮಕ್ಕಳು ಸೇರಿ ಎಷ್ಟು ಬಾರಿ ಹಗ್ಗ ದಾಟಿಸಿದರು ಎಂಬುದೇ ಲೆಕ್ಕ. ಎಂಟು ಹತ್ತಾದ ದಿನ ಅವರ ಕೂಗು ರಸ್ತೆಗೆ ಕೇಳುತ್ತದೆ.

'ಸರ್, ಈ ಮೆತ್ತನೆ ಚೆಂಡಿನಲ್ಲಿ ಎಷ್ಟು ದಿನ ಆಡಿಸ್ತೀರಿ? ಮುಂದಿನ ವರ್ಷ ಅವನು ಟೂರ್ನಮೆಂಟ್ ಆಡ್ಬೇಕು' ಎಂದು ತಂದೆಯೊಬ್ಬರು ಕೇಳಿದರು. 'ಎರಡನೇ ಕ್ಲಾಸಿನ ಮಗುವಿಗೆ ಎಸ್ಸೆಸ್ಸೆಲ್ಸಿ ಪುಸ್ತಕ ಕೊಡ್ತೇವಾ?' ಎಂದೆವು. ಅವರಿಗೆ ಸಮಾಧಾನವಾಗಲಿಲ್ಲ. ಮಗನನ್ನು ಬೇರೆಡೆ ಸೇರಿಸಿದರು. ಮೂರು ತಿಂಗಳಲ್ಲಿ ಹುಡುಗ ಆಟವನ್ನೇ ಬಿಟ್ಟನೆಂದು ತಿಳಿದಾಗ ನಮಗೆ ಸಂಕಟವಾಯಿತು. ಚೆಂಡಿನ ಹಿಂದೆ ನಗುತ್ತಾ ಓಡುತ್ತಿದ್ದ ಮಗು ಅದು.

ಹುಡುಗಿಯರಿಗೆ ಇನ್ನೊಂದು ಗೆರೆಯಿದೆ. ಹನ್ನೊಂದು ದಾಟುತ್ತಲೇ ಮನೆಯಲ್ಲಿ 'ಇನ್ನು ಸಾಕು' ಎಂಬ ಮಾತು. 2005ರಲ್ಲಿ ಹೈದರಾಬಾದಿನಲ್ಲಿ ಸಾನಿಯಾ ಮಿರ್ಝಾ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದಾಗ ಚಪ್ಪಾಳೆ ತಟ್ಟಿದ ಮನೆಗಳಲ್ಲೂ ಈ ಮಾತು ಕೇಳಿಬರುತ್ತದೆ. ಎಲ್ಲರೂ ಸಾನಿಯಾ ಆಗಬೇಕಿಲ್ಲ. ಓಡಲು, ಬೆವರಲು, ಗೆಳತಿಯರೊಂದಿಗೆ ನಗಲು ಅವರಿಗೂ ವಾರಕ್ಕೊಂದು ಬೆಳಗು ಬೇಡವೇ?

ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಆಟಕ್ಕೆ ಅಷ್ಟು ದೀರ್ಘ ಆಯುಸ್ಸಿರುವಾಗ ಏಳು ವರ್ಷದ ಮಗುವನ್ನು ಅವಸರಪಡಿಸುವುದೇಕೆ? ಮೈದಾನದಿಂದ ಮನೆಗೆ ಬಂದ ಮಗುವನ್ನು 'ಗೆದ್ದೆಯಾ?' ಎಂದು ಕೇಳುವ ಮೊದಲು 'ಇವತ್ತು ಯಾರ ಜೊತೆ ಆಡಿದೆ?' ಎಂದು ಕೇಳಿ ನೋಡಿ. ಅದು ಹೇಳುವುದನ್ನು ಕೂತು ಕೇಳಿ.