ಬ್ಯಾರನ್ ಮುಂದಿನ ಸೌದೆ ರಾಶಿ

ಅರಕಲಗೂಡು, ಹೊಗೆಸೊಪ್ಪು ಮುರಿಯುವ ಕಾಲ

ತಂಗಿಯ ಎರಡೂ ಕೆನ್ನೆ ಕೆಂಪಾಗಿವೆ, ಮೂಗಿನ ಮೇಲೂ ಅದೇ ಬಣ್ಣ. ರೆಕ್ಕೆ ಬಿಚ್ಚಿ ಕೂತ ಚಿಟ್ಟೆಯ ಹಾಗೆ. ಭಂಗು ಎಂದುಕೊಂಡು ಮುಲಾಮು ಹಚ್ಚುತ್ತಲೇ ಆರು ತಿಂಗಳು ಕಳೆದೆವು. ಇವತ್ತು ಹತ್ತಿರದಿಂದ ನೋಡಿದೆ. ಮೂಗಿನ ಪಕ್ಕದಿಂದ ಬಾಯಿಯ ಕಡೆ ಇಳಿಯುವ ಮಡಿಕೆಯೊಳಗೆ ಮಾತ್ರ ಕೆಂಪಿಲ್ಲ. ಬಿಸಿಲು ಅಷ್ಟಾಗಿ ಬೀಳದ ಜಾಗ ಅದು.

ಬೆಳಿಗ್ಗೆ ಕಡ್ಡಿಗೆ ಸೊಪ್ಪು ಕಟ್ಟಲು ಕೂತರೆ ಒಂದು ಗಂಟೆಯ ತನಕ ಅವಳಿಗೆ ಬೆರಳು ಮಡಚಲಾಗುವುದಿಲ್ಲ. ಗೆಣ್ಣುಗಳು ಬಿಸಿ, ಊದಿಕೊಂಡಿವೆ. ಉರಿಯೂತ: ಉರಿ, ಊತ ಎರಡನ್ನೂ ಒಂದೇ ಪದದಲ್ಲಿ ಹೇಳಿಬಿಟ್ಟಿದ್ದಾರೆ. ಮುಖದ ಬಿಸಿಲಿಗೂ ಬೆರಳಿನ ಊತಕ್ಕೂ ಏನು ನಂಟು?

ಹಾಸನ

ಕಾಯಿಲೆಗೆ ಹೆಸರು ಸಿಕ್ಕಿತು: ಲೂಪಸ್. ಲ್ಯಾಟಿನ್‌ನಲ್ಲಿ ತೋಳ ಎಂದರ್ಥ. ಮೈ ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಮೈಮೇಲೆ ತಿರುಗಿಬಿದ್ದಿದೆ ಎಂದರು ವೈದ್ಯರು. ಅಮ್ಮ ಕೂಡಲೇ, "ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲಪ್ಪ" ಅಂದಳು. ಆ ಮಾತು ನನಗೂ ಸರಿ ಎನಿಸಿತ್ತು. ಓದುತ್ತ ಹೋದಂತೆ ಇಲ್ಲಿ ದ್ರೋಹವಿಲ್ಲ, ಗುರುತು ತಪ್ಪಿದೆ ಅನ್ನಿಸತೊಡಗಿದೆ.

ಮೈಯಲ್ಲಿ ದಿನವೂ ಕೋಟ್ಯಂತರ ಜೀವಕೋಶಗಳು ಸಾಯುತ್ತವೆ. ಅವನ್ನು ನುಂಗಿ ಗುಡಿಸುವ ಕೋಶಗಳೂ ಇವೆ. ಲೂಪಸ್‌ನಲ್ಲಿ ಈ ಗುಡಿಸುವಿಕೆ ಹಿಂದೆ ಬೀಳುತ್ತದೆ. ಸತ್ತ ಕೋಶದೊಳಗಿನ ಡಿಎನ್‌ಎ, ಆರ್‌ಎನ್‌ಎ ಹೊರಗೆ ಚೆಲ್ಲಿ ಉಳಿಯುತ್ತವೆ. ವೈರಸ್ ಹೊತ್ತು ತರುವುದೂ ಇವನ್ನೇ. ಕಾವಲು ಕೋಶಗಳು ವೈರಸ್ ಬಂತೆಂದು ನಂಬಿ ಇಂಟರ್‌ಫೆರಾನ್ ಸುರಿಸಿ ಮೈಗೆಲ್ಲ ಎಚ್ಚರಿಕೆ ಕೊಡುತ್ತವೆ. ಬಿ ಕೋಶಗಳು ನಮ್ಮದೇ ಡಿಎನ್‌ಎ ವಿರುದ್ಧ ಪ್ರತಿಕಾಯ ತಯಾರಿಸುತ್ತವೆ. ಡಿಎನ್‌ಎ, ಪ್ರತಿಕಾಯ ಒಂದಕ್ಕೊಂದು ಅಂಟಿಕೊಂಡು ಗಂಟಾಗಿ ಮೂತ್ರಪಿಂಡದ ಸಣ್ಣ ಜಾಲರಿಯಲ್ಲಿ, ಚರ್ಮದಲ್ಲಿ ಕೂರುತ್ತವೆ. ಅಲ್ಲಿ ಉರಿ ಹೊತ್ತುತ್ತದೆ. ಆ ಉರಿಗೆ ಇನ್ನಷ್ಟು ಕೋಶಗಳು ಸಾಯುತ್ತವೆ, ಕಸ ಇನ್ನಷ್ಟು ಹೆಚ್ಚುತ್ತದೆ.

ನಂಟು ಈಗ ಕಂಡಿತು. ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಕೋಶಗಳನ್ನು ಕೊಲ್ಲುತ್ತದೆ. ಕಸ ಬೀಳುವುದು ಕೆನ್ನೆಯಲ್ಲಿ, ಎಚ್ಚರಿಕೆ ಹೋಗುವುದು ಮೈಗೆಲ್ಲ. ಮೋಡ ಈ ಕಿರಣವನ್ನು ಪೂರ್ತಿ ತಡೆಯುವುದಿಲ್ಲ. ಮೋಡದ ದಿನವೂ ಅವಳ ಮುಖ ಕೆಂಪೇರುತ್ತಿದ್ದುದು ಇದಕ್ಕೇ.

ಮತ್ತೆ ಅರಕಲಗೂಡು

ತಂಗಿಯ ರಕ್ತಪರೀಕ್ಷೆಯ ರಿಪೋರ್ಟ್‌ನಲ್ಲಿ ಒಂದು ಸಾಲು ಕಾಡುತ್ತಿದೆ. ಸಿ3 ಎಂಬ ಪ್ರೋಟೀನ್ ಉರಿಯೂತ ಎಬ್ಬಿಸುವವುಗಳ ಪೈಕಿ. ಕಾಯಿಲೆ ಜೋರಾಗಿರುವಾಗ ಅದು ಏರಬೇಕಲ್ಲ? 90ರ ಮೇಲಿರಬೇಕಾದದ್ದು 52ಕ್ಕೆ ಇಳಿದಿದೆ.

ಸಂಜೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಕೂತಿದ್ದೆ. ಬಾಗಿಲು ಮುಚ್ಚಿತ್ತು, ಒಳಗೆ ಸೊಪ್ಪು ಬೇಯುತ್ತಿತ್ತು. ಹೊರಗಿನ ಸೌದೆ ರಾಶಿ ನಿನ್ನೆ ಎದೆಮಟ್ಟ ಇದ್ದದ್ದು ಇವತ್ತು ಮೊಣಕಾಲಿಗೆ ಬಂದಿತ್ತು. ಬಾಗಿಲು ತೆಗೆಯದೆಯೇ ಒಳಗಿನ ಉರಿ ಎಷ್ಟೆಂದು ಗೊತ್ತಾಗುತ್ತದೆ. ಸಿ3 ಆ ರಾಶಿ! ಒಳಗೆ ಉರಿದಷ್ಟೂ ರಕ್ತದಲ್ಲಿ ಅದು ತಗ್ಗುತ್ತದೆ.

ಹೊಳೆನರಸೀಪುರ, ಅಮ್ಮನ ಮನೆ

"ಅಣ್ಣ, ನಂಗೆ ಮಲೇರಿಯಾ ಬಂದೇ ಇಲ್ವಲ್ಲ, ಈ ಮಾತ್ರೆ ಯಾಕೆ ಕೊಟ್ಟವ್ರೆ?" ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್. ಚಳಿಜ್ವರಕ್ಕೆ ನುಂಗಿದ ಕಹಿ ಮಾತ್ರೆಯ ಜಾತಿಯದೇ ಎಂದು ಅಮ್ಮ ಗುರುತು ಹಿಡಿದಳು. ಕಾವಲು ಕೋಶದೊಳಗೆ ಹುಳಿಯಾದ ಪುಟ್ಟ ಚೀಲಗಳಿವೆ. ನುಂಗಿದ ಡಿಎನ್‌ಎ, ಆರ್‌ಎನ್‌ಎಯನ್ನು ಅಲ್ಲೇ ಪತ್ತೆ ಹಚ್ಚುವುದು. ಈ ಮಾತ್ರೆ ಅಲ್ಲಿಗೆ ಹೊಕ್ಕು ಹುಳಿ ತಗ್ಗಿಸಿ ಪತ್ತೆಯನ್ನು ಮಂಕು ಮಾಡುತ್ತದೆ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ವರ್ಷಗಟ್ಟಲೆ ನುಂಗುವವರು ಕಣ್ಣಿನ ಪರದೆಯನ್ನು ತಪ್ಪದೆ ಪರೀಕ್ಷಿಸಿಕೊಳ್ಳಬೇಕು.

ಚನ್ನರಾಯಪಟ್ಟಣ

ಚಿಕ್ಕಮ್ಮ ಪ್ರೀತಿಯಿಂದ ಅಮೃತಬಳ್ಳಿ ಕಷಾಯ ಕಾಸಿಟ್ಟಿದ್ದಳು. "ಶಕ್ತಿ ಹೆಚ್ಚಾಗ್ಲಿ ಕುಡಿ ಮಗಾ." ಆ ಲೋಟ ತಡೆಯಲು ನನಗೆ ಕಷ್ಟವಾಯಿತು. ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆಂದು ನಾವೆಲ್ಲ ಕಲಿತಿದ್ದೇವೆ. ತಂಗಿಯ ಶಕ್ತಿ ಆಗಲೇ ಇಲ್ಲದ ವೈರಿಯ ಮೇಲೆ ಯುದ್ಧ ಹೂಡಿದೆ. ಅದನ್ನು ಕೆರಳಿಸಬಾರದು, ತಣಿಸಬೇಕು. ಚಿಕ್ಕಮ್ಮ ಸುಮ್ಮನೆ ಕೇಳಿ, ಎಳನೀರು ಕೆತ್ತಿ ಕೊಟ್ಟಳು.

ಇನ್ನೂ ಬಿಡದ ಪ್ರಶ್ನೆ

ಈ ಕಾಯಿಲೆಯ ಹತ್ತು ಜನರಲ್ಲಿ ಒಂಬತ್ತು ಮಂದಿ ಹೆಂಗಸರು. ಆರ್‌ಎನ್‌ಎ ಪತ್ತೆ ಹಚ್ಚುವ ಟಿಎಲ್‌ಆರ್7 ಎಂಬ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ, ಹೆಂಗಸರಿಗೆ ಅದು ಎರಡು. ಈ ಜೀನ್‌ನ ಒಂದೇ ಅಕ್ಷರ ಬದಲಾದರೂ ಲೂಪಸ್ ಬರಬಲ್ಲದೆಂದು 2022ರಲ್ಲಿ ಸ್ಪೇನ್‌ನ ಒಬ್ಬ ಹುಡುಗಿಯಿಂದ ತಿಳಿಯಿತು. ಆದರೂ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ, ಬಹುಪಾಲು ಇನ್ನೊಬ್ಬರಿಗೆ ಬರುವುದಿಲ್ಲ. ಹಾಗಿದ್ದರೆ ನನ್ನ ತಂಗಿಗೇ ಯಾಕೆ?

ಹಾಸನದಿಂದ ಹೊಸ ರಿಪೋರ್ಟ್ ಬಂದಿದೆ. ಸಿ3 78, ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಅಗಲ ಟೋಪಿ ಹಾಕಿ, ತುಂಬುತೋಳಿನ ಅಂಗಿ ತೊಟ್ಟು, ಬಿಸಿಲೇರುವ ಮುಂಚೆ ಹೊಲದಿಂದ ಬರುತ್ತಿದ್ದಾಳೆ. "ಸೌದೆ ಉಳೀತಾ ಐತೆ ಅಣ್ಣ" ಎಂದು ಫೋನಿನಲ್ಲಿ ಹೇಳಿದಳು.